ಮೊದಲು ಮುಳಬಾಗಿಲು, ಆಮೇಲೆ ಕೋಲಾರ: ಆಫೀಸಿನವರ ಜೊತೆ ಒಂದು ದಿನದ ಪ್ರವಾಸ

ಗಂಗರು ತಲಕಾಡಿಗೆ ಹೋಗುವುದಕ್ಕೆ ಮುಂಚೆ ಆಳಿದ್ದು ಕೋಲಾರದಿಂದ. ನಾಲ್ಕನೇ ಶತಮಾನದಲ್ಲೇ ರಾಜಧಾನಿಯಾಗಿದ್ದ ಈ ಊರಿಗೆ ಆಮೇಲೆ ಚೋಳರು ಬಂದರು, ಹೊಯ್ಸಳರು ಬಂದರು, ವಿಜಯನಗರದವರು ಬಂದರು. ಹೈದರಾಲಿ ಹುಟ್ಟಿದ ಬೂದಿಕೋಟೆ ಇದೇ ಜಿಲ್ಲೆಯಲ್ಲಿದೆ, ಅವನ ತಂದೆಯ ಗೋರಿ ಕೋಲಾರ ಪಟ್ಟಣದೊಳಗೇ ಇದೆ. ಬೆಂಗಳೂರಿನಿಂದ ಇಲ್ಲಿಗೆ ಇರುವುದು ಹೆಚ್ಚೆಂದರೆ 70 ಕಿ.ಮೀ. ಆದರೂ ಸ್ಟಾಫ್ ಎಲ್ಲ ಸೇರಿ ಒಂದು ದಿನ ಎಲ್ಲಿಗಾದರೂ ಹೋಗಿಬರೋಣ ಎಂಬ ಮಾತು ಎದ್ದರೆ ಮೈಸೂರು, ಲೇಪಾಕ್ಷಿ, ನಂದಿಬೆಟ್ಟದ ಹೆಸರು ಬರುತ್ತದೆ. ಕೋಲಾರ, ಮುಳಬಾಗಿಲುಗಳು ತಿರುಪತಿ ಬಸ್ಸಿನ ಕಿಟಕಿಯಲ್ಲಿ ದಾಟಿಹೋಗುತ್ತವೆ. ಬೆಂಗಳೂರಿನವರಷ್ಟೇ ಅಲ್ಲ, ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರೂ ಮುಳಬಾಗಿಲಿನ ಹತ್ತಿರದ ಆವಣಿಯನ್ನು ನೋಡಿರುವುದಿಲ್ಲ. ಈ ಲೇಖನ ಅಂಥವರಿಗಾಗಿ. ಹತ್ತು ಹನ್ನೆರಡು ಜನ ಸಹೋದ್ಯೋಗಿಗಳು ಬೆಳಿಗ್ಗೆ ಹೊರಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರುವ ಹಾಗೆ ಈ ಪ್ರವಾಸವನ್ನು ಹೊಂದಿಸುವುದು ಹೇಗೆ ಎಂದು ನೋಡೋಣ.

ಮೊದಲು ದಾರಿಯ ಮಾತು, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಬೆಂಗಳೂರಿನಿಂದ ಹೊರಟವರು ಸಾಮಾನ್ಯವಾಗಿ ಹತ್ತಿರದ ಕೋಲಾರದಲ್ಲಿ ಮೊದಲು ಇಳಿಯುತ್ತಾರೆ. ಕೋಲಾರಮ್ಮನ ಗುಡಿ, ಅಂತರಗಂಗೆ ಎಂದು ಮಧ್ಯಾಹ್ನದವರೆಗೂ ಅಲ್ಲೇ ಕಳೆಯುತ್ತಾರೆ. ಊಟ ಮುಗಿಸಿ ಮುಳಬಾಗಿಲು ಸೇರಿದಾಗ ದೇವಸ್ಥಾನಗಳ ಬಾಗಿಲು ಹಾಕಿರುತ್ತದೆ. ನಾಲ್ಕು ಗಂಟೆಗೋ ಐದು ಗಂಟೆಗೋ ತೆರೆಯುವವರೆಗೆ ಕಾಯಬೇಕು, ಅಷ್ಟರಲ್ಲಿ ಅರ್ಧ ಜನ ಮನೆಗೆ ಫೋನು ಮಾಡಲು ಶುರು ಮಾಡಿರುತ್ತಾರೆ. ಆವಣಿ, ಕುರುಡುಮಲೆ ಎರಡೂ ಬಿಟ್ಟುಹೋಗುತ್ತವೆ. ಹಾಗಾಗಿ ದೂರದ್ದನ್ನು ಮೊದಲು ನೋಡಿ. ಹೊಸಕೋಟೆಯನ್ನು ಆರೂವರೆಗೆ ದಾಟಿದರೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕೋಲಾರವನ್ನು ನಿಲ್ಲದೆ ಹಾದು ಎಂಟು ಗಂಟೆಯೊಳಗೆ ಮುಳಬಾಗಿಲಲ್ಲಿ ಇರಬಹುದು. ತಿಂಡಿ ಅಲ್ಲೇ. ಅಲ್ಲಿಂದ ಸುಮಾರು 10 ಕಿ.ಮೀ. ದೂರದ ಕುರುಡುಮಲೆ, ಆಮೇಲೆ ಇನ್ನೊಂದು ದಿಕ್ಕಿಗಿರುವ ಆವಣಿ, ಎರಡೂ ಮಧ್ಯಾಹ್ನದೊಳಗೆ ಮುಗಿಯಬೇಕು. ಗುಡಿಗಳ ಬಾಗಿಲು ಹಾಕಿರುವ ಹೊತ್ತನ್ನು ಪ್ರಯಾಣಕ್ಕೆ, ಊಟಕ್ಕೆ ಬಿಟ್ಟು ಸಂಜೆಗೆ ಕೋಲಾರ ನೋಡಿದರೆ ಮನೆಯ ಕಡೆಗೆ ಅಷ್ಟು ದೂರ ಬಂದಂತೆಯೂ ಆಯಿತು. ಮಾಲೂರಿನಿಂದ, ಬಂಗಾರಪೇಟೆಯಿಂದ ಹೊರಡುವವರಿಗೂ ಈ ಕ್ರಮವೇ ಸರಿ. ಶ್ರೀನಿವಾಸಪುರದವರು ಮಾತ್ರ ಕೋಲಾರಕ್ಕೆ ಇಳಿಯದೆ ನೇರ ಮುಳಬಾಗಿಲಿಗೆ ಹೋಗಬಹುದು.

ದಿನ ಯಾವುದು? ಸರ್ಕಾರಿ ಕಚೇರಿ, ಬ್ಯಾಂಕಿನವರಿಗೆ ಎರಡನೇ, ನಾಲ್ಕನೇ ಶನಿವಾರ ರಜೆ. ಶನಿವಾರ ಹೋದರೆ ಭಾನುವಾರ ಮನೆಯಲ್ಲಿ ಸುಧಾರಿಸಿಕೊಳ್ಳಬಹುದು. ಆದರೆ ಶನಿವಾರ ಮುಳಬಾಗಿಲಿನ ಆಂಜನೇಯಸ್ವಾಮಿ ಗುಡಿಯಲ್ಲಿ ಜನ ಹೆಚ್ಚು. ಅರ್ಜುನ ಪ್ರತಿಷ್ಠಾಪಿಸಿದ್ದು ಎಂದು ಜನ ನಂಬುವ ದೇವರು ಇದು, ತಿರುಪತಿಗೆ ಹೋಗುವವರೂ ಇಲ್ಲಿ ನಿಂತು ಕೈಮುಗಿದೇ ಮುಂದೆ ಹೋಗುತ್ತಾರೆ. ಶನಿವಾರವೇ ಹೋಗುವುದಾದರೆ ತಿಂಡಿಗೂ ಮೊದಲು ಗುಡಿಗೆ ಹೋಗಿಬನ್ನಿ. ಕುರುಡುಮಲೆಗೆ ಸಂಕಷ್ಟ ಚತುರ್ಥಿಯಂದು, ಆವಣಿಗೆ ಶಿವರಾತ್ರಿ ಜಾತ್ರೆಯ ದಿನಗಳಲ್ಲಿ ಗುಂಪು ಕಟ್ಟಿಕೊಂಡು ಹೋಗಬೇಡಿ. ಜಾತ್ರೆ ನೋಡುವ ಆಸೆ ಇದ್ದರೆ ಅದಕ್ಕೆಂದೇ ಬೇರೆ ದಿನ ಇಟ್ಟುಕೊಳ್ಳಿ. ತಿಂಗಳುಗಳಲ್ಲಿ ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಹಿತ. ಏಪ್ರಿಲ್‌ನಲ್ಲಿ ಇಲ್ಲಿನ ಬಂಡೆಗಳು ಹತ್ತು ಗಂಟೆಗೇ ಕಾಯುತ್ತವೆ, ಗುಡಿಯ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ.

ಗಾಡಿ, ದುಡ್ಡು

ಹನ್ನೆರಡು ಜನಕ್ಕೆ ಒಂದು ಟಿ.ಟಿ. (ಟೆಂಪೋ ಟ್ರಾವೆಲರ್) ಸಾಕು. ಟಿ.ಟಿ. ಬಾಡಿಗೆಯ ಲೆಕ್ಕ ಮೊದಲ ಸಲ ಮಾಡುವವರಿಗೆ ಗೊಂದಲವಾಗುತ್ತದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಿಲೋಮೀಟರಿಗೆ ಇಷ್ಟು ಎಂದು ದರ ಹೇಳಿದರೂ ದಿನಕ್ಕೆ ಒಂದು ಕನಿಷ್ಠ ದೂರ ಇರುತ್ತದೆ, ಸಾಮಾನ್ಯವಾಗಿ 250 ಅಥವಾ 300 ಕಿ.ಮೀ. ನೀವು 100 ಕಿ.ಮೀ. ಓಡಿಸಿದರೂ ಅಷ್ಟಕ್ಕೆ ಬಾಡಿಗೆ ಕೊಡಲೇಬೇಕು. ಲೆಕ್ಕ ಶುರುವಾಗುವುದು ನೀವು ಹತ್ತಿದ ಜಾಗದಿಂದಲ್ಲ, ಗಾಡಿ ತನ್ನ ಶೆಡ್ಡಿನಿಂದ ಹೊರಟಾಗ. ಮುಗಿಯುವುದೂ ಅದು ಶೆಡ್ಡಿಗೆ ವಾಪಸಾದಾಗ. ಬೆಂಗಳೂರು, ಮುಳಬಾಗಿಲು, ಕುರುಡುಮಲೆ, ಆವಣಿ, ಕೋಲಾರ, ಮತ್ತೆ ಬೆಂಗಳೂರು ಎಂದು ಕೂಡಿದರೆ 230ರಿಂದ 250 ಕಿ.ಮೀ. ಆಗುತ್ತದೆ. ಅಂದರೆ ಕೋಲಾರವೊಂದನ್ನೇ ನೋಡಿ ಬಂದರೂ, ಇಷ್ಟನ್ನೂ ನೋಡಿ ಬಂದರೂ ಗಾಡಿಯ ಬಾಡಿಗೆ ಹೆಚ್ಚುಕಡಿಮೆ ಒಂದೇ. ಒಂದು ಕೋರಮಂಗಲ, ಇನ್ನೊಂದು ಹೆಬ್ಬಾಳ ಎಂದು ಊರೆಲ್ಲ ಸುತ್ತಿ ಜನರನ್ನು ಹತ್ತಿಸಿಕೊಂಡರೆ ಮಾತ್ರ ಮಿತಿ ಮೀರುತ್ತದೆ. ಎಲ್ಲರೂ ಎರಡೇ ಕಡೆ ಬಂದು ನಿಲ್ಲಲಿ, ಒಂದು ಊರೊಳಗೆ, ಇನ್ನೊಂದು ಕೆ.ಆರ್.ಪುರದ ಆಸುಪಾಸಿನಲ್ಲಿ.

ಬಾಡಿಗೆಯ ಮೇಲೆ ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಬೇರೆ. ಲೆಕ್ಕ ಹೇಗೆ ಬೀಳುತ್ತದೆ ಎಂದು ತಿಳಿಯಲು ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಿಲೋಮೀಟರಿಗೆ 24 ರೂಪಾಯಿ, ಕನಿಷ್ಠ 300 ಕಿ.ಮೀ. ಎಂದರೆ 7,200. ಬಾಟಾ, ಟೋಲ್, ಪಾರ್ಕಿಂಗ್ ಸೇರಿ 1,200 ಎಂದುಕೊಂಡರೆ 8,400. ಹನ್ನೆರಡು ಜನಕ್ಕೆ ತಲಾ 700. ಕೊನೆಯ ಗಳಿಗೆಯಲ್ಲಿ ಇಬ್ಬರು ತಪ್ಪಿಸಿಕೊಂಡರೆ ಉಳಿದವರ ಪಾಲು 840 ಆಗುತ್ತದೆ. ಆಫೀಸಿನ ಪ್ರವಾಸಗಳಲ್ಲಿ ಮನಸ್ತಾಪ ಬರುವುದು ಈ 140 ರೂಪಾಯಿಯಿಂದ. ಅದಕ್ಕೇ ಗಾಡಿಯ ಪಾಲು ಮತ್ತು ಊಟದ ಪಾಲು ಬೇರೆ ಬೇರೆ ಇರಲಿ. ಗಾಡಿಯ ಪಾಲನ್ನು ವಾರ ಮುಂಚೆ ವಸೂಲಿ ಮಾಡಿ, ಬರದಿದ್ದರೂ ವಾಪಸಿಲ್ಲ ಎಂದು ಮೊದಲೇ ಹೇಳಿಬಿಡಿ. ಊಟದ್ದು ಬಂದವರದು ಮಾತ್ರ. ದುಡ್ಡು ಹಿಡಿದುಕೊಳ್ಳುವವರು ಒಬ್ಬರೇ ಇರಬೇಕು, ಖರ್ಚಾದ ಹಾಗೆ ಗ್ರೂಪಿನಲ್ಲಿ ಹಾಕುತ್ತಾ ಹೋಗಬೇಕು.

ಗಾಡಿ ಹಳದಿ ಬೋರ್ಡಿನದೇ ಆಗಿರಲಿ. ಪರಿಚಯದವರದ್ದು ಬಿಳಿ ಬೋರ್ಡಿನ ಗಾಡಿ ಕಡಿಮೆಗೆ ಸಿಗುತ್ತದೆ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಸ್ವಂತ ಬಳಕೆಗೆ ನೋಂದಾಯಿಸಿದ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ಪರಿಹಾರಕ್ಕೂ ತೊಡಕು. ಕೋಲಾರದ ಇನ್ನೊಂದು ಅನುಕೂಲವೂ ಇಲ್ಲೇ ಇದೆ. ಲೇಪಾಕ್ಷಿಗೋ ವೆಲ್ಲೂರಿಗೋ ಹೋದರೆ ಗಡಿ ದಾಟುವುದಕ್ಕೆ ಪರ್ಮಿಟ್, ತೆರಿಗೆ ಎಂದು ಖರ್ಚು ಸೇರಿಕೊಳ್ಳಬಹುದು. ಮುಳಬಾಗಿಲು ಆಂಧ್ರದ ಗಡಿಗೆ ಅಂಟಿಕೊಂಡಿದ್ದರೂ ನಮ್ಮ ರಾಜ್ಯದ್ದೇ.

ಐದಾರು ಜನ ಇದ್ದರೆ ಗಾಡಿಯೇ ಬೇಡ. ಬೆಂಗಳೂರಿನಿಂದ ಕೋಲಾರಕ್ಕೂ ಮುಳಬಾಗಿಲಿಗೂ ಕೆ.ಎಸ್.ಆರ್.ಟಿ.ಸಿ. ಬಸ್ಸುಗಳು ದಿನವಿಡೀ ಓಡಾಡುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಗುರುತಿನ ಚೀಟಿ ಇದ್ದರಾಯಿತು. ಮುಳಬಾಗಿಲಿನಿಂದ ಆವಣಿ, ಕುರುಡುಮಲೆಗೆ ಅರ್ಧ ದಿನಕ್ಕೆ ಆಟೋ ಮಾತಾಡಿಕೊಳ್ಳಬಹುದು. ರೈಲು ಇಷ್ಟಪಡುವವರಿಗೆ ಮಾಲೂರು, ಟೇಕಲ್ ಮೇಲೆ ಬಂಗಾರಪೇಟೆಗೆ ಬರುವ ರೈಲುಗಳಿವೆ, ಟೇಕಲ್ಲಿನ ಬಂಡೆಗುಡ್ಡಗಳು ಕಿಟಕಿಯಿಂದಲೇ ಕಾಣುತ್ತವೆ. ಬಂಗಾರಪೇಟೆಯಿಂದ ಕೋಲಾರ ಸುಮಾರು 16 ಕಿ.ಮೀ. ಹಿಂದೆ ಇಲ್ಲಿ ಪುಟ್ಟ ರೈಲು ಓಡುತ್ತಿತ್ತು, ಆ ಹಳಿ ಈಗ ಬ್ರಾಡ್‌ಗೇಜ್ ಆಗಿದೆ.

ಇನ್ನು ಯಾರ್ಯಾರನ್ನು ಕರೆಯಬೇಕು ಎಂಬುದು. ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಹೌಸ್‌ಕೀಪಿಂಗ್ ಅಮ್ಮ, ಸೆಕ್ಯುರಿಟಿಯವರು, ಗುತ್ತಿಗೆ ಮೇಲೆ ಇರುವ ಡೇಟಾ ಎಂಟ್ರಿ ಹುಡುಗರು, ಇವರನ್ನು ಬಿಟ್ಟು ಹೋದರೆ ಅದು ಆಫೀಸಿನವರ ಪ್ರವಾಸವಲ್ಲ. ಎಲ್ಲರಿಗೂ ಒಂದೇ ಪಾಲು ಎಂದರೆ ಅವರು ಬರುವುದಿಲ್ಲ, ಮಗುವಿಗೆ ಹುಷಾರಿಲ್ಲ ಎಂದು ಏನಾದರೂ ಕಾರಣ ಕೊಟ್ಟು ತಪ್ಪಿಸಿಕೊಳ್ಳುತ್ತಾರೆ. ಸಂಬಳ ಜಾಸ್ತಿ ಇರುವ ಮೂರು ನಾಲ್ಕು ಜನ ಒಳಗೊಳಗೇ ಮಾತಾಡಿಕೊಂಡು ಅವರ ಪಾಲನ್ನು ಹೊತ್ತುಕೊಳ್ಳಲಿ, ಅದನ್ನು ಗ್ರೂಪಿನಲ್ಲಿ ಹಾಕುವುದು ಬೇಡ. ಸಾಹೇಬರು ಬಂದರೆ ಸಂತೋಷ, ಆದರೆ ಎಲ್ಲಿ ನಿಲ್ಲಬೇಕು ಎಂದು ಅವರನ್ನೇ ಕೇಳುತ್ತಾ ಕೂತರೆ ದಿನ ಅಲ್ಲೇ ಮುಗಿಯುತ್ತದೆ. ಅವತ್ತಿನ ಮಟ್ಟಿಗೆ ಹೊತ್ತಿನ ಲೆಕ್ಕ ಇಟ್ಟುಕೊಂಡವರ ಮಾತೇ ನಡೆಯಲಿ. ಕುಡಿಯುವ ಕಾರ್ಯಕ್ರಮ ಈ ಪ್ರವಾಸದಲ್ಲಿ ಬೇಡವೇ ಬೇಡ. ಜೊತೆಗಿರುವ ಹೆಣ್ಣುಮಕ್ಕಳು ಮುಂದಿನ ಸಲ ಬರುವುದನ್ನು ನಿಲ್ಲಿಸಿಬಿಡುತ್ತಾರೆ.

ಶೌಚಾಲಯದ ಮಾತನ್ನೂ ಹೇಳಿಬಿಡಬೇಕು, ಯಾವ ಪ್ರವಾಸದ ಪುಸ್ತಕದಲ್ಲೂ ಅದನ್ನು ಬರೆದಿರುವುದಿಲ್ಲ. ಆವಣಿ, ಕುರುಡುಮಲೆಗಳಲ್ಲಿ ಈ ಅನುಕೂಲವನ್ನು ನಂಬಿ ಹೋಗಬೇಡಿ. ಹೆದ್ದಾರಿಯ ಹೋಟೆಲಿನಲ್ಲಿ, ಮುಳಬಾಗಿಲಿನಲ್ಲಿ ತಿಂಡಿಯ ಹೊತ್ತಿಗೆ, ಮತ್ತೆ ಆವಣಿಯಿಂದ ಹೆದ್ದಾರಿಗೆ ಬಂದ ಮೇಲೆ ಹತ್ತು ಹತ್ತು ನಿಮಿಷ ನಿಲ್ಲುವುದೆಂದು ಮೊದಲೇ ಗೊತ್ತುಮಾಡಿ ಎಲ್ಲರಿಗೂ ತಿಳಿಸಿರಿ. ಇಲ್ಲದಿದ್ದರೆ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟು ಬಿಸಿಲಲ್ಲಿ ತಿರುಗುತ್ತಾರೆ.

ಬೆಳಗಿನ ಹೊತ್ತು

ಮುಳಬಾಗಿಲಿಗೆ ಬಂದವರು ದೋಸೆ ತಿನ್ನದೆ ಹೋಗುವುದಿಲ್ಲ. ದಪ್ಪಗೆ ಹೊಯ್ದು, ತುಪ್ಪ ಬಿಟ್ಟು, ಹೊರಗೆ ಗರಿಗರಿ ಒಳಗೆ ಮೆತ್ತಗೆ ಬರುವ ಹಾಗೆ ಬೇಯಿಸುವ ದೋಸೆ ಇದು. ದಪ್ಪ ಇರುವುದರಿಂದ ನಿಧಾನವಾಗಿ ಬೇಯಬೇಕು. ಹೆಸರಾದ ಹೋಟೆಲುಗಳು ಚಿಕ್ಕವು, ಹೆಂಚಿನ ಮೇಲೆ ಒಂದು ಸಲಕ್ಕೆ ಹಿಡಿಯುವುದು ಕೆಲವೇ ದೋಸೆ. ಹನ್ನೆರಡು ಜನ ಒಟ್ಟಿಗೆ ಒಳನುಗ್ಗಿ ತಲಾ ಎರಡು ಹೇಳಿದರೆ ಕೊನೆಯವರಿಗೆ ಸಿಗುವಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ. ಹಿಂದಿನ ದಿನ ಫೋನು ಮಾಡಿ ಇಷ್ಟು ಜನ, ಇಷ್ಟು ಹೊತ್ತಿಗೆ ಎಂದು ಹೇಳಿಡಿ. ಆಗದಿದ್ದರೆ ಎರಡು ತಂಡವಾಗಿ, ಒಂದು ಗುಡಿಗೆ, ಒಂದು ಹೋಟೆಲಿಗೆ ಹೋಗಿ ಆಮೇಲೆ ಅದಲುಬದಲಾಗಿ.

ಡಿ.ವಿ.ಜಿ. ಹುಟ್ಟಿದ ಊರು ಇದು, 1887ರ ಮಾರ್ಚ್ 17ರಂದು. ಹರಿದಾಸರ ಹಾಡು ಬಲ್ಲವರು ನಿಮ್ಮಲ್ಲಿದ್ದರೆ ಪಟ್ಟಣದ ಹೊರಗಿನ ನರಸಿಂಹತೀರ್ಥಕ್ಕೆ ಅರ್ಧ ಗಂಟೆ ಕೊಡಿ. ವ್ಯಾಸರಾಯರಿಗೆ ವಿದ್ಯೆ ಕಲಿಸಿದ ಶ್ರೀಪಾದರಾಜರ ವೃಂದಾವನ ಅಲ್ಲಿದೆ. ಊರೊಳಗೆ ಹೈದರ್ ವಲಿ ದರ್ಗಾ ಇದೆ. ಮುಳಬಾಗಿಲಿನ ಬೆಟ್ಟದ ಕೋಟೆಗಾಗಿ 1768ರ ಅಕ್ಟೋಬರ್ 4ರಂದು ಹೈದರಾಲಿಗೂ ಇಂಗ್ಲಿಷರಿಗೂ ಕದನ ನಡೆದಿತ್ತು. ಬೆಟ್ಟ ಹತ್ತುವುದು ಬೇಡ, ಕೆಳಗಿನಿಂದ ತೋರಿಸಿ ಇಷ್ಟು ಕತೆ ಹೇಳಿದರೆ ಸಾಕು.

ಕುರುಡುಮಲೆಯಲ್ಲಿ ಗಣೇಶನನ್ನು ನೋಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಒಂದೇ ಕಲ್ಲಿನಲ್ಲಿ ಕಡೆದ ಹದಿಮೂರೂವರೆ ಅಡಿಯ ಮೂರ್ತಿ, ಬಾಗಿಲಲ್ಲಿ ನಿಂತ ಕೂಡಲೇ ತಲೆ ಎತ್ತಿಸುತ್ತದೆ. ಬಂದವರಲ್ಲಿ ಬಹಳ ಜನ ಅಷ್ಟು ನೋಡಿ ಗಾಡಿ ಹತ್ತುತ್ತಾರೆ. ಹತ್ತಿರದಲ್ಲೇ ಇರುವ ಸೋಮೇಶ್ವರ ಗುಡಿಗೂ ನಡೆದುಹೋಗಿ. ಚೋಳರ ಕಾಲದ್ದು, ಜನ ಕಡಿಮೆ, ಕಂಬಗಳ ಕೆತ್ತನೆಯನ್ನು ಸಾವಧಾನವಾಗಿ ನೋಡಬಹುದು. ಜಕಣಾಚಾರಿ ಮತ್ತು ಅವನ ಮಗ ಡಂಕಣ ಇಬ್ಬರೂ ಇಲ್ಲಿ ಉಳಿ ಹಿಡಿದಿದ್ದರೆಂದು ಊರವರು ಹೇಳುತ್ತಾರೆ.

ಆವಣಿಗೆ ಮಾತ್ರ ಗಂಟೆಗೆ ಕಡಿಮೆ ಇಡಬೇಡಿ. ಇಡೀ ದಿನದಲ್ಲಿ ಒಂದೇ ಜಾಗ ನೋಡುವಷ್ಟು ಸಮಯ ಇದೆ ಎಂದರೆ ನಾನು ಹೇಳುವುದು ಆವಣಿಯನ್ನೇ. ರಾಮಲಿಂಗೇಶ್ವರ ಗುಡಿಗಳ ಸಮೂಹ ಒಂದೇ ಪ್ರಾಕಾರದೊಳಗಿದೆ. ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳಿಗೆ ಒಂದೊಂದು ಗುಡಿ. ಇವುಗಳಲ್ಲಿ ಹಳೆಯವು ಹತ್ತನೇ ಶತಮಾನದ ನೊಳಂಬರ ಕಾಲದವು, ಆಮೇಲೆ ಚೋಳರೂ ವಿಜಯನಗರದವರೂ ಸೇರಿಸಿದ ಭಾಗಗಳಿವೆ. ನೊಳಂಬರು ಕಟ್ಟಿಸಿದ್ದು ಇಷ್ಟು ಒಟ್ಟಾಗಿ ಸಿಗುವ ಜಾಗಗಳು ಕಡಿಮೆ, ನಂದಿಯ ಭೋಗನಂದೀಶ್ವರ ನೋಡಿದವರಿಗೆ ಇಲ್ಲಿನ ಗೋಡೆ, ಕಂಬ, ಜಾಲಂಧ್ರಗಳ ಗುರುತು ಹತ್ತುತ್ತದೆ. ಲಕ್ಷ್ಮಣೇಶ್ವರನ ಗುಡಿಯೊಳಗೆ ನಿಂತು ಮೇಲೆ ನೋಡಿ. ಉಮಾಮಹೇಶ್ವರರನ್ನು ನಡುವೆ ಇಟ್ಟು ಸುತ್ತ ಎಂಟು ದಿಕ್ಪಾಲಕರನ್ನು ಕಡೆದಿದ್ದಾರೆ. ಕತ್ತು ನೋಯುವವರು ಮೊಬೈಲನ್ನು ಸೆಲ್ಫಿಗೆ ಹಿಡಿಯುವ ಹಾಗೆ ಹಿಡಿದು ಪರದೆಯಲ್ಲೇ ನೋಡಬಹುದು. ಹತ್ತನೇ ಶತಮಾನದಲ್ಲಿ ತ್ರಿಭುವನಕರ್ತಾರ ಎಂಬ ಶೈವ ಗುರು ನಲವತ್ತು ವರ್ಷ ಈ ಸ್ಥಾನವನ್ನು ನಡೆಸಿ ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಇಲ್ಲಿನ ಶಾಸನ ಹೇಳುತ್ತದೆ. ಗುಡಿಯ ಲೆಕ್ಕದ ಜೊತೆಗೇ ಕೆರೆಯ ಲೆಕ್ಕವನ್ನೂ ಕಲ್ಲಿನಲ್ಲಿ ಬರೆಸಿದ ಸೀಮೆ ಇದು.

ವಾಲ್ಮೀಕಿ ಆಶ್ರಮ ಇಲ್ಲೇ ಇತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಎಂದು ಆವಣಿಯ ನಂಬಿಕೆ. ಬೆಟ್ಟದ ಮೇಲೆ ಸೀತಾದೇವಿಯ ಗುಡಿ ಇದೆ. ಮಂಡಿ ನೋವಿನವರು ಕೆಳಗೇ ಕೂರಲಿ, ಮಿಕ್ಕವರೂ ಹತ್ತೂವರೆಯ ಮೇಲೆ ಬಿಸಿಲಿದ್ದರೆ ಹತ್ತುವ ಯೋಚನೆ ಬಿಡಲಿ. ಬೆಳಗಿನ ಪೂಜೆ ಮುಗಿದ ಮೇಲೆ ಕೆಳಗಿನ ಗರ್ಭಗುಡಿಗೂ ಬೀಗ ಬೀಳಬಹುದು. ಒಂಬತ್ತೂವರೆಗೆ ಕುರುಡುಮಲೆ ಬಿಟ್ಟು ನೇರ ಇಲ್ಲಿಗೆ ಬಂದರೆ ಅರ್ಚಕರು ಸಿಗುತ್ತಾರೆ.

ಇಂಥ ಕಡೆ ಕರೆದು ತೋರಿಸುವ ಗೈಡು ಇರುವುದಿಲ್ಲ. ನಿಮ್ಮಲ್ಲೇ ಒಬ್ಬರು ಓದಿಕೊಂಡು ಬರಬೇಕು. ಕೋಲಾರ ಜಿಲ್ಲೆಯ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟದಲ್ಲಿವೆ, 1905ರಲ್ಲಿ ಅಚ್ಚಾದದ್ದು. ಮುಳಬಾಗಿಲು ತಾಲ್ಲೂಕಿನ ಪುಟಗಳಲ್ಲಿ ಆವಣಿಯದನ್ನು ಹುಡುಕಿ ಎರಡು ಮೂರು ಶಾಸನಗಳ ಸಾರ ಬರೆದುಕೊಂಡರೆ ಹತ್ತು ನಿಮಿಷ ಮಾತಾಡಲು ಬೇಕಾದಷ್ಟಾಯಿತು. ದಿನವೂ ಫೈಲು ಹಿಡಿದು ಕೂತಿರುವವರ ಬಾಯಲ್ಲಿ ಸಾವಿರ ವರ್ಷ ಹಿಂದಿನ ದಾನಪತ್ರದ ವಿವರ ಕೇಳುವುದು ಎಷ್ಟು ಚೆನ್ನಾಗಿರುತ್ತದೆ ಎಂದು ಕೇಳಿದವರಿಗೇ ಗೊತ್ತು.

ಊಟ, ಕೋಲಾರ

ಹನ್ನೆರಡಕ್ಕೆ ಆವಣಿ ಬಿಟ್ಟರೆ ಒಂದು ಗಂಟೆಗೆ ಕೋಲಾರ. ಈ ಕಡೆ ಬಂದು ಉತ್ತರ ಭಾರತದ ಊಟ ಹುಡುಕುವುದು ಬೇಡ. ರಾಗಿಮುದ್ದೆ, ಸೊಪ್ಪಿನ ಸಾರು, ಬಸ್ಸಾರು ಮಾಡುವ ಹೋಟೆಲುಗಳಿವೆ, ಮಾಂಸ ತಿನ್ನುವವರಿಗೆ ನಾಟಿಕೋಳಿ ಸಾರು. ಡಿಸೆಂಬರ್, ಜನವರಿಯಾದರೆ ಅವರೆಕಾಳಿನ ಸಾರು ಕೇಳಿ ತಿನ್ನಿ. ಗುಡಿಗೆ ಹೋಗುವ ದಿನ ಮಾಂಸ ತಿನ್ನದವರು ಜೊತೆಯಲ್ಲಿದ್ದೇ ಇರುತ್ತಾರೆ, ಅವರನ್ನು ಮೊದಲೇ ಕೇಳಿ ಎರಡೂ ಸಿಗುವ ಹೋಟೆಲು ನೋಡಿಟ್ಟಿರಿ. ಡ್ರೈವರ್ ಊಟ ನಿಮ್ಮ ಲೆಕ್ಕದಲ್ಲೇ ಇರಲಿ, ಊಟವಾದ ಮೇಲೆ ಅವರಿಗೆ ಒಂದು ಗಂಟೆ ನಿದ್ದೆಗೆ ಬಿಡುವು ಕೊಡಿ.

ಆ ಹೊತ್ತಿನಲ್ಲಿ ನೀವು ಹೈದರಾಲಿ ಮನೆತನದವರ ಮಕ್ಬರಾ ನೋಡಿಬನ್ನಿ. ತಂದೆ ಫತೇ ಮಹಮ್ಮದನ ಗೋರಿ ಅಲ್ಲಿದೆ. ಶ್ರೀರಂಗಪಟ್ಟಣದ ಗುಂಬಜ್ ನೋಡಿದವರಿಗೆ ಆ ಮನೆತನದ ಮೊದಲಿನ ದಿನಗಳನ್ನೂ ನೋಡಿದಂತಾಗುತ್ತದೆ. ತಂಡದಲ್ಲಿ ಬೇರೆ ಬೇರೆ ಧರ್ಮದವರಿದ್ದರೆ ಒಂದು ಮಾತು: ಎಲ್ಲ ಗುಡಿಯಲ್ಲೂ ಎಲ್ಲರೂ ಒಳಗೆ ಬರಲೇಬೇಕು, ಕುಂಕುಮ ಇಟ್ಟುಕೊಳ್ಳಲೇಬೇಕು ಎಂದು ಯಾರನ್ನೂ ಎಳೆಯಬೇಡಿ. ಹೊರಗಿನ ಗೋಡೆಯಲ್ಲಿ ನೋಡುವುದು ಬೇಕಾದಷ್ಟಿದೆ.

ನಾಲ್ಕು ಗಂಟೆಗೆ ಅಂತರಗಂಗೆ. ಪಟ್ಟಣದಿಂದ ಮೂರು ನಾಲ್ಕು ಕಿ.ಮೀ., ಶತಶೃಂಗ ಬೆಟ್ಟದ ಮೆಟ್ಟಿಲು ಹತ್ತಬೇಕು, ಬಿಸಿಲು ಇಳಿದ ಮೇಲೆ ಹತ್ತುವುದು ಸುಲಭ. ಕಾಶಿ ವಿಶ್ವೇಶ್ವರನ ಗುಡಿಯ ಬಳಿ ಕಲ್ಲಿನ ಬಸವನ ಬಾಯಿಂದ ನೀರು ಸದಾ ಬೀಳುತ್ತಿರುತ್ತದೆ. ಕೆರೆಗಳು ಒಣಗಿ ಹೋದ ವರ್ಷಗಳಲ್ಲಿ ಈ ಜಿಲ್ಲೆಯವರು ನೀರಿಗಾಗಿ ಪಟ್ಟ ಪಾಡು ನೆನೆದರೆ ಈ ಸಣ್ಣ ಧಾರೆಯ ಬೆಲೆ ತಿಳಿಯುತ್ತದೆ. ಹೆದ್ದಾರಿಯಲ್ಲಿ ನರಸಾಪುರದ ಆಸುಪಾಸಿನಲ್ಲಿ ತುಂಬಿದ ಕೆರೆ ಕಂಡರೆ ಜೊತೆಯವರಿಗೆ ಹೇಳಿ, ಅದು ಬೆಂಗಳೂರಿನಲ್ಲಿ ನಾವೇ ಬಳಸಿ ಬಿಟ್ಟ ನೀರು. ಶುದ್ಧೀಕರಿಸಿ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಇಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂತರಗಂಗೆಯಲ್ಲಿ ಕೋತಿಗಳ ಕಾಟ ಬಹಳ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇರಕೂಡದು, ಹಣ್ಣುಕಾಯಿ ಚೀಲದೊಳಗಿರಲಿ. ಮೇಲಿನ ಗವಿಗಳಿಗೆ ಈ ದಿನ ಹೋಗುವುದು ಬೇಡ, ಬಂಡೆಗಳ ಸಂದಿಯಲ್ಲಿ ನುಸುಳಿ ಹೋಗುವುದಕ್ಕೆ ಬೇರೆ ಉಡುಪು, ಬೇರೆ ವಯಸ್ಸಿನ ತಂಡ, ದಾರಿ ಬಲ್ಲವರು ಬೇಕು.

ಕೊನೆಗೆ ಕೋಲಾರಮ್ಮ ಮತ್ತು ಸೋಮೇಶ್ವರ. ಎರಡೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ, ನಡುವೆ ನಡೆದು ಹೋಗುವಷ್ಟೇ ದೂರ. ಕೋಲಾರಮ್ಮನ ಗುಡಿ ಮೊದಲು ಇಟ್ಟಿಗೆಯದಾಗಿತ್ತು, ರಾಜೇಂದ್ರ ಚೋಳನ ಕಾಲದಲ್ಲಿ ಅದನ್ನು ಕಲ್ಲಿನಲ್ಲಿ ಕಟ್ಟಿದರು. ಗೋಡೆಯ ತುಂಬ ಇರುವ ಬರಹ ತಮಿಳಿನದು. ಕೆ.ಜಿ.ಎಫ್. ಕಡೆಯ, ತಮಿಳು ಬಲ್ಲ ಸಹೋದ್ಯೋಗಿಗಳಿದ್ದರೆ ಒಂದೆರಡು ಅಕ್ಷರ ಗುರುತು ಹಿಡಿಯಬಹುದು, ಪೂರ್ತಿ ಓದಲು ಅವರಿಗೂ ಆಗದು, ಲಿಪಿ ಅಷ್ಟು ಹಳೆಯದು. ಒಳಗೆ ಎರಡು ಗರ್ಭಗುಡಿಗಳಿವೆ, ಒಂದು ಕೋಲಾರಮ್ಮನದು, ಇನ್ನೊಂದು ಚೇಳಮ್ಮನದು. ಚೇಳಮ್ಮನಿಗೆ ನಡೆದುಕೊಂಡವರನ್ನು ಚೇಳು ಕಚ್ಚುವುದಿಲ್ಲ ಎಂಬ ನಂಬಿಕೆ ಬಂಡೆಗಳ ಈ ಸೀಮೆಯಲ್ಲಿ ಹುಟ್ಟಿದ್ದು ಸಹಜ. ನೆಲದಲ್ಲೇ ಕೊರೆದಿರುವ ಹಳೆಯ ಹುಂಡಿಯನ್ನು ಮರೆಯದೆ ನೋಡಿ. ಸೋಮೇಶ್ವರ ವಿಜಯನಗರ ಕಾಲದ್ದು. ಎತ್ತರದ ಗೋಪುರ ದಾಟಿ ಒಳಗೆ ಹೋದರೆ ಕಲ್ಯಾಣ ಮಂಟಪ ಸಿಗುತ್ತದೆ, ಅದರ ಕಂಬಗಳಿಗೆ ಉಳಿದ ಸಮಯವನ್ನೆಲ್ಲ ಕೊಡಿ. ಆವಣಿಯ ನೊಳಂಬ ಕಂಬಗಳನ್ನು ಬೆಳಿಗ್ಗೆ ನೋಡಿದವರಿಗೆ ನಾಲ್ಕೈದು ನೂರು ವರ್ಷಗಳಲ್ಲಿ ಕಲ್ಲುಕುಟಿಗರ ಕೈ ಎಲ್ಲಿಂದ ಎಲ್ಲಿಗೆ ಬಂತು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಮೊಬೈಲಿನಲ್ಲಿ ಹೊರಗಿನ ಫೋಟೋ ತೆಗೆಯಬಹುದು, ಗರ್ಭಗುಡಿಯದು ಬೇಡ.

ಕೆ.ಜಿ.ಎಫ್. ಮತ್ತು ಕೋಟಿಲಿಂಗೇಶ್ವರವನ್ನೂ ಸೇರಿಸೋಣ ಎಂಬ ಒತ್ತಾಯ ಬಂದೇ ಬರುತ್ತದೆ. ಕೆ.ಜಿ.ಎಫ್.ನ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಒಳಗೆ ಇಳಿಯಲು ಬಿಡುವುದಿಲ್ಲ. ಆ ಊರಿನ ಕತೆ ಅರ್ಧ ಗಂಟೆಯಲ್ಲಿ ಕೇಳಿ ಮುಗಿಸುವಂಥದ್ದಲ್ಲ. ಅದನ್ನೂ ಬೂದಿಕೋಟೆಯನ್ನೂ ಸೇರಿಸಿ ಇನ್ನೊಂದು ದಿನ ಇಟ್ಟುಕೊಳ್ಳಿ.

ಸೇರಿಸುವುದೇ ಆದರೆ ಮೇ ಕೊನೆಯಿಂದ ಜುಲೈವರೆಗೆ ಶ್ರೀನಿವಾಸಪುರವನ್ನು ಸೇರಿಸಿ, ಅಂತರಗಂಗೆ ಬಿಡಿ. ಕೋಲಾರದಿಂದ ಸುಮಾರು 25 ಕಿ.ಮೀ. ಮಾವಿನ ಕಾಲದಲ್ಲಿ ದಾರಿಯ ಎರಡೂ ಕಡೆ ತೋಪು, ಮಂಡಿಗಳಲ್ಲಿ ರಾಶಿ. ಬಾದಾಮಿ, ರಸಪುರಿ, ಮಲ್ಲಿಕಾ, ಬೇನಿಷಾ, ನೀಲಂ ಒಂದೊಂದಕ್ಕೂ ಒಂದೊಂದು ವಾರ. ತೋತಾಪುರಿ ಬಹುಪಾಲು ರಸದ ಕಾರ್ಖಾನೆಗಳಿಗೆ ಹೋಗುತ್ತದೆ. ಕೊಳ್ಳುವಾಗ ಬಣ್ಣ ಬಂದ ಹಣ್ಣಿಗೆ ಆಸೆಪಡದೆ ಬಲಿತ ಕಾಯಿ ಕೇಳಿ. ತೊಟ್ಟಿನ ಸುತ್ತ ಭುಜ ತುಂಬಿಕೊಂಡಿರುವ ಕಾಯಿ ಬಲಿತದ್ದು. ಎಲ್ಲರೂ ಸೇರಿ ಕ್ರೇಟ್ ಲೆಕ್ಕದಲ್ಲಿ ಕೊಂಡರೆ ದರ ಇಳಿಯುತ್ತದೆ, ಗಾಡಿಯಲ್ಲೇ ತೂಕ ಮಾಡಿ ಹಂಚಿಕೊಳ್ಳಬಹುದು. ಮನೆಗೆ ಹೋದ ಮೇಲೆ ಹುಲ್ಲಿನಲ್ಲೋ ಹಳೇ ಪೇಪರಿನಲ್ಲೋ ಒಂದರ ಮೇಲೊಂದು ಬೀಳದ ಹಾಗೆ ಹರವಿಡಿ. ನಾಲ್ಕೈದು ದಿನಕ್ಕೆ ಹಣ್ಣಾಗುತ್ತದೆ.